ಪರ್ಸಿ ಜೀವ್ಸ್ ತೆಗೆದ 199 ವಿಕೆಟ್: ಕ್ವಿಜ್ ಮಾಸ್ಟರ್‌ಗಳಿಗೂ ಕ್ರೀಡಾ ಬರಹಗಾರರಿಗೂ ಒಂದು ಬಹಿರಂಗ ಪತ್ರ

ನಾಡಿನ ಎಲ್ಲ ಕ್ವಿಜ್ ಮಾಸ್ಟರ್‌ಗಳಿಗೆ ಮತ್ತು ಪತ್ರಿಕೆಗಳ ಕ್ರೀಡಾ ಬರಹಗಾರರಿಗೆ,

ಮಾನ್ಯರೇ, ನಮಸ್ಕಾರ.

ನಾನು ಸ್ಕೋರರ್. ಇಪ್ಪತ್ತಾರು ವರ್ಷದಿಂದ ಲೀಗ್ ಪಂದ್ಯಗಳಿಗೆ, ಶಾಲಾ ಕಾಲೇಜು ಟೂರ್ನಿಗಳಿಗೆ ಸ್ಕೋರ್ ಬರೆಯುತ್ತಾ ಬಂದಿದ್ದೇನೆ. ಶಾಮಿಯಾನದ ಕೆಳಗೆ ಒಂದು ಮೇಜು, ಅಗಲದ ಸ್ಕೋರ್‌ಬುಕ್, ಎರಡು ಬಣ್ಣದ ಪೆನ್ನು, ಫ್ಲಾಸ್ಕಿನಲ್ಲಿ ಟೀ. ಒಂದು ಬಾಲ್ ಕಣ್ಣು ತಪ್ಪಿದರೂ ಸಂಜೆ ಲೆಕ್ಕ ಕೂಡುವುದಿಲ್ಲ. ಬ್ಯಾಟ್ಸ್‌ಮನ್‌ಗಳ ರನ್ ಕೂಡಿ, ಎಕ್ಸ್‌ಟ್ರಾ ಸೇರಿಸಿ, ಬೌಲರ್‌ಗಳ ಕಡೆಯ ಲೆಕ್ಕದ ಜೊತೆ ತಾಳೆ ನೋಡಬೇಕು. ಎರಡೂ ಒಂದೇ ಆದ ಮೇಲೆಯೇ ಪುಸ್ತಕ ಮುಚ್ಚುವುದು. ಆಡಿದವನು ಯಾರಾದರೂ ಆಗಿರಲಿ, ಆಡಿದ್ದು ಪುಸ್ತಕದಲ್ಲಿ ಇರಲೇಬೇಕು. ಈ ಪತ್ರ ಬರೆಯುವುದಕ್ಕೂ ಆ ಅಭ್ಯಾಸವೇ ಕಾರಣ.

ಹೋದ ವರ್ಷ ಒಂದು ಕಾಲೇಜಿನ ಕ್ವಿಜ್ ನೋಡಲು ಮಗಳ ಜೊತೆ ಹೋಗಿದ್ದೆ. ಸಭಾಂಗಣ ತುಂಬಿತ್ತು. ಪ್ರಶ್ನೆಗಳು ಚೆನ್ನಾಗಿದ್ದವು. ನಡುವೆ ಒಂದು ಪ್ರಶ್ನೆ ಬಂತು: ಇಂಗ್ಲಿಷ್ ಹಾಸ್ಯ ಲೇಖಕ ಪಿ.ಜಿ. ವುಡ್‌ಹೌಸ್ ಅವರ ಯಾವ ಪಾತ್ರಕ್ಕೆ ಒಬ್ಬ ಕೌಂಟಿ (ಇಂಗ್ಲೆಂಡಿನ ಜಿಲ್ಲಾ ತಂಡದ) ಕ್ರಿಕೆಟಿಗನ ಹೆಸರು ಇಡಲಾಯಿತು? ಪರದೆಯ ಮೇಲೆ ಕಪ್ಪು ಕೋಟು ಹಾಕಿ ತಟ್ಟೆ ಹಿಡಿದು ನಿಂತವನ ಚಿತ್ರ. ಒಬ್ಬ ಹುಡುಗ ಬಝರ್ ಒತ್ತಿ "ಜೀವ್ಸ್" ಅಂದ. ಹತ್ತು ಅಂಕ, ಚಪ್ಪಾಳೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆ ಕ್ರಿಕೆಟರ್ ಯಾರು? ಏನಾಡ್ತಿದ್ರು?" ಎಂದು ಕೇಳಿದಳು. ಕ್ವಿಜ್ ನಡೆಸುತ್ತಿದ್ದವರು, "ಯಾರೋ ಸಣ್ಣ ಆಟಗಾರ ಅಮ್ಮಾ. ಹೆಸರು ಕೊಟ್ಟಿದ್ದು ಬಿಟ್ರೆ ಹೇಳೋಕೆ ಬೇರೇನೂ ಇಲ್ಲ" ಎಂದು ಮುಂದಿನ ಪ್ರಶ್ನೆಗೆ ಹೋದರು. ಹುಡುಗಿ ಕುಳಿತುಕೊಂಡಳು.

ಅದಾಗಿ ಕೆಲವು ತಿಂಗಳಿಗೆ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇದೇ ಸಂಗತಿ ಬಂತು. ಎರಡೇ ಸಾಲು, ಎರಡರಲ್ಲೂ ತಪ್ಪು. ಆ ಆಟಗಾರ ಗ್ಲಾಸ್ಟರ್‌ಶೈರ್ ತಂಡದವನು ಎಂದು ಒಂದರಲ್ಲಿ. ಕಥೆಯ ಜೀವ್ಸ್ ಬಟ್ಲರ್ ಎಂದು ಇನ್ನೊಂದರಲ್ಲಿ. ಬಟ್ಲರ್ ಅಂದರೆ ಇಡೀ ಮನೆಯ ಮೇಲ್ವಿಚಾರಣೆ ನೋಡುವವನು. ಜೀವ್ಸ್ ಅಂಥವನಲ್ಲ. ಬರ್ಟಿ ವೂಸ್ಟರ್ ಎಂಬ ಒಬ್ಬ ಶ್ರೀಮಂತ ಯುವಕನ ಖಾಸಗಿ ಸೇವಕ. ಯಜಮಾನ ಮಾಡಿಕೊಂಡ ಎಡವಟ್ಟುಗಳಿಂದ ಅವನನ್ನು ಪಾರು ಮಾಡುವ ಜಾಣ. ಕಥೆಯವನ ವಿಷಯ ಹಾಗಿರಲಿ, ಅವನನ್ನು ನೋಡಿಕೊಳ್ಳಲು ಲಕ್ಷಾಂತರ ಓದುಗರಿದ್ದಾರೆ. ನನ್ನ ಸಂಕಟ ಇನ್ನೊಬ್ಬನ ಬಗ್ಗೆ.

ಅವನ ಹೆಸರು ಪರ್ಸಿ ಜೀವ್ಸ್. ಕೌಂಟಿ ತಂಡ ವಾರ್ವಿಕ್‌ಶೈರ್. ಆಡಿದ್ದು 50 ಪ್ರಥಮ ದರ್ಜೆ ಪಂದ್ಯ, ತೆಗೆದದ್ದು 199 ವಿಕೆಟ್, ಸರಾಸರಿ 20.03. ಬ್ಯಾಟಿನಿಂದ 1,204 ರನ್. ಅವನು ಎಂದು ಏಕವಚನದಲ್ಲಿ ಬರೆಯುತ್ತಿದ್ದೇನೆ, ಅಗೌರವಕ್ಕಲ್ಲ. ತೀರಿಕೊಂಡಾಗ ಅವನಿಗೆ 28 ವರ್ಷ. ನನ್ನ ದೊಡ್ಡ ಮಗನ ವಯಸ್ಸು.

ಆ ಹುಡುಗಿ ಕೇಳಿದ ಪ್ರಶ್ನೆಗೆ ಅವತ್ತು ಸಿಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ದಯವಿಟ್ಟು ಓದಿ.

ಪರ್ಸಿ ಹುಟ್ಟಿದ್ದು 1888ರ ಮಾರ್ಚ್ 5ರಂದು, ಯಾರ್ಕ್‌ಶೈರಿನ ಡ್ಯೂಸ್‌ಬರಿ ಹತ್ತಿರದ ಅರ್ಲ್ಸ್‌ಹೀಟನ್ ಎಂಬಲ್ಲಿ. ದುಡಿದು ತಿನ್ನುವ ಮನೆ. ಆಮೇಲೆ ಸಂಸಾರ ಗೂಲ್ ಎಂಬ ಬಂದರು ಊರಿಗೆ ಬಂತು. ಅಲ್ಲಿನ ಕ್ಲಬ್ಬಿನಲ್ಲೇ ಅವನು ಗಂಭೀರವಾಗಿ ಆಡಲು ಶುರು ಮಾಡಿದ್ದು. ಮುಂದೆ ವೆನ್ಸ್‌ಲಿಡೇಲ್ ಕಣಿವೆಯ ಹಾಸ್ ಎಂಬ ಪುಟ್ಟ ಊರಿನ ತಂಡ ಅವನನ್ನು ಸಂಬಳದ ಆಟಗಾರನಾಗಿ ಇಟ್ಟುಕೊಂಡಿತು.

ಯಾರ್ಕ್‌ಶೈರಿನಲ್ಲಿ ಹುಟ್ಟಿದ ಹುಡುಗನಿಗೆ ಯಾರ್ಕ್‌ಶೈರ್ ತಂಡಕ್ಕೇ ಆಡುವ ಆಸೆ ಇರುತ್ತದೆ, ಅಲ್ವಾ? 1910ರಲ್ಲಿ ಅವನು ಆ ಕೌಂಟಿಯ ಆಯ್ಕೆ ಪಂದ್ಯಗಳಲ್ಲಿ ಆಡಿದ. ತೆಗೆದುಕೊಳ್ಳಲಿಲ್ಲ. ಅದೇ ವರ್ಷ ವಾರ್ವಿಕ್‌ಶೈರ್ ಕ್ಲಬ್ಬಿನ ಕಾರ್ಯದರ್ಶಿ ಆರ್.ವಿ. ರೈಡರ್ ರಜೆ ಕಳೆಯಲು, ಬೆಟ್ಟಗುಡ್ಡಗಳಲ್ಲಿ ನಡೆದಾಡಲು ಹಾಸ್‌ಗೆ ಹೋಗಿದ್ದರು. ಅಲ್ಲಿ ಊರಿನ ಪಂದ್ಯ ನಡೆಯುತ್ತಿತ್ತು, ನೋಡುತ್ತಾ ನಿಂತರು. ಬಾಲ್ ಹಾಕುತ್ತಿದ್ದ ಹುಡುಗನ ಸಲೀಸು ಅವರ ಕಣ್ಣಿಗೆ ಬಿತ್ತು. ಎಲ್ಲೂ ಬಿಗಿತವಿಲ್ಲ, ಒದ್ದಾಟವಿಲ್ಲ. ರೈಡರ್ ಅವನನ್ನು ತಮ್ಮ ಕ್ಲಬ್ಬಿನ ಊರಾದ ಬರ್ಮಿಂಗ್‌ಹ್ಯಾಮಿಗೆ ಕರೆಸಿಕೊಂಡರು. ಒಬ್ಬರು ರಜೆಯಲ್ಲಿ ಸುಮ್ನೆ ಮೈದಾನದ ಅಂಚಿನಲ್ಲಿ ನಿಂತಿದ್ದರಿಂದ ಇನ್ನೊಬ್ಬರ ಬಾಳು ತಿರುಗಿತು. ಇಂಥದ್ದನ್ನು ನಾನು ನಮ್ಮ ಮೈದಾನಗಳಲ್ಲೂ ನೋಡಿದ್ದೇನೆ.

ಕರೆಸಿಕೊಂಡ ಕೂಡಲೇ ಆಡಿಸುವಂತಿರಲಿಲ್ಲ. ಹುಟ್ಟಿದ ಕೌಂಟಿ ಬಿಟ್ಟು ಬೇರೆ ಕೌಂಟಿಗೆ ಆಡಬೇಕಾದರೆ ಅಲ್ಲಿ ಎರಡು ವರ್ಷ ವಾಸ ಮಾಡಬೇಕು ಎಂಬುದು ಆಗಿನ ನಿಯಮ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸು. ಬೌಲರ್‌ನ ತೋಳಿನಲ್ಲಿ ಕಸುವು ಜಾಸ್ತಿ ಇರುವ ಕಾಲ. ಅದು ಕಾಯುವುದರಲ್ಲಿ ಹೋಯಿತು. 1912ರಲ್ಲಿ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾ ಎರಡೂ ತಂಡಗಳು ಇಂಗ್ಲೆಂಡ್ ಪ್ರವಾಸದಲ್ಲಿದ್ದವು. ಆ ತಂಡಗಳ ವಿರುದ್ಧ ಒಂದೊಂದು ಪಂದ್ಯದಲ್ಲಿ ಅವನಿಗೆ ಅವಕಾಶ ಸಿಕ್ಕಿತು. ಹೇಳಿಕೊಳ್ಳುವ ಹಾಗೆ ಏನೂ ಆಗಲಿಲ್ಲ.

1913 ಅವನ ವರ್ಷ. ಮೊದಲ ಪೂರ್ತಿ ಸೀಸನ್‌ನಲ್ಲೇ 106 ವಿಕೆಟ್. ಜೊತೆಗೆ 750ಕ್ಕೂ ಹೆಚ್ಚು ರನ್. ಈಗಿನ ಓದುಗರಿಗೆ ಇದರ ತೂಕ ಗೊತ್ತಾಗಬೇಕಾದರೆ ನೀವು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಕೌಂಟಿ ಪಂದ್ಯ ಮೂರು ದಿನದ್ದು. ವಾರಕ್ಕೆ ಎರಡು. ಒಂದು ಮುಗಿದ ಸಂಜೆಯೇ ಗಂಟುಮೂಟೆ ಕಟ್ಟಿ ರೈಲು ಹತ್ತಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ಊರಿನಲ್ಲಿ ಬಾಲ್ ಹಿಡಿಯಬೇಕು. ಆ ನಾಲ್ಕು ತಿಂಗಳಲ್ಲಿ ನೂರು ವಿಕೆಟ್ ಮುಟ್ಟಿದರೆ ಆ ಬೌಲರ್‌ನನ್ನು ಇಡೀ ಇಂಗ್ಲೆಂಡ್ ಗುರುತು ಹಿಡಿಯುತ್ತಿತ್ತು. ಪರ್ಸಿ ಅದನ್ನು ಮೊದಲ ಯತ್ನದಲ್ಲೇ ಮುಟ್ಟಿದ. ಬಲಗೈ ಬೌಲರ್. ಮಧ್ಯಮ ವೇಗಕ್ಕಿಂತ ತುಸು ಜೋರು. ಸಲೀಸಾದ ಆಕ್ಷನ್, ಆದರೆ ಪಿಚ್ ಬಿದ್ದ ಮೇಲೆ ಬಾಲ್ ಚೆನ್ನಾಗಿ ತಿರುಗಿ ಬರುತ್ತಿತ್ತು ಎಂದು ಕ್ರಿಕೆಟ್ಟಿನ ವಾರ್ಷಿಕ ಗ್ರಂಥ ವಿಸ್ಡನ್ ಬರೆದಿದೆ. ಜೊತೆ ಆಟಗಾರರಿಗೆ ಅವನೆಂದರೆ ತುಂಬಾ ಇಷ್ಟ ಎಂದೂ ಅದೇ ಬರಹದಲ್ಲಿದೆ.

ಅದೇ 1913ರ ಆಗಸ್ಟ್‌ನಲ್ಲಿ ವಾರ್ವಿಕ್‌ಶೈರ್ ತಂಡ ಗ್ಲಾಸ್ಟರ್‌ಶೈರ್ ವಿರುದ್ಧ ಆಡಲು ಚೆಲ್ಟನ್‌ಹ್ಯಾಮಿಗೆ ಹೋಗಿತ್ತು. ಅಲ್ಲಿನ ಪ್ರೇಕ್ಷಕರಲ್ಲಿ ವುಡ್‌ಹೌಸ್ ಇದ್ದರು. ಅವರಿಗೆ ಕ್ರಿಕೆಟ್ ಹುಚ್ಚು, ಶಾಲೆಯಲ್ಲಿ ತಾವೂ ಬೌಲಿಂಗ್ ಮಾಡಿದವರು. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಹೇಳಲೇಬೇಕಾದ ಒಂದು ಮಾತಿದೆ. ಸ್ಕೋರರ್ ಆಗಿ ನನ್ನನ್ನು ಬಹಳ ಕಾಡಿದ ಮಾತು.

ಆ ಕಾಲದ ಸ್ಕೋರ್‌ಕಾರ್ಡ್‌ಗಳನ್ನು ನೋಡಿ. ವಾರ್ವಿಕ್‌ಶೈರಿನ ನಾಯಕ ಮಿಸ್ಟರ್ ಎಫ್.ಆರ್. ಫೋಸ್ಟರ್. ಬೌಲರ್, ಬರೀ ಜೀವ್ಸ್. ಹೆಸರು ಬರೆಯುವುದರಲ್ಲೇ ಎರಡು ಪಂಕ್ತಿ. ಆಟಕ್ಕೆ ಕೂಲಿ ತೆಗೆದುಕೊಳ್ಳದ ಸ್ಥಿತಿವಂತರು ಅಮೆಚೂರ್‌ಗಳು. ಅವರಿಗೆ ಮಿಸ್ಟರ್ ಉಂಟು, ಇನಿಷಿಯಲ್ ಹೆಸರಿನ ಮುಂದೆ. ದುಡ್ಡಿಗೆ ಆಡುವವರು ಪ್ರೊಫೆಷನಲ್‌ಗಳು. ಅವರಿಗೆ ಬರೀ ಮನೆತನದ ಹೆಸರು. ಇನಿಷಿಯಲ್ ಹಾಕಿದರೂ ಹೆಸರಿನ ಹಿಂದೆ. ಬಟ್ಟೆ ಬದಲಿಸುವ ಕೋಣೆ ಬೇರೆ. ಎಷ್ಟೋ ಮೈದಾನಗಳಲ್ಲಿ ಒಳಗಿಳಿಯುವ ಗೇಟೂ ಬೇರೆ. ಒಂದೇ ತಂಡದ ಹನ್ನೊಂದು ಜನ ಎರಡು ಬಾಗಿಲಿನಿಂದ ಬಂದು ಮೈದಾನದ ನಡುವೆ ಸೇರುತ್ತಿದ್ದರು. ನಾಯಕತ್ವ ಅಮೆಚೂರ್‌ಗಳಿಗೇ ಮೀಸಲು ಎಂಬಂತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೂ ಇದು ಹೋಗಿರಲಿಲ್ಲ. ಲಾರ್ಡ್ಸ್ ಮೈದಾನದಲ್ಲಿ ಒಮ್ಮೆ ಫ್ರೆಡ್ ಟಿಟ್ಮಸ್ ಎಂಬ ಹುಡುಗನ ಇನಿಷಿಯಲ್‌ಗಳು ಸ್ಕೋರ್‌ಕಾರ್ಡಿನಲ್ಲಿ ಹೆಸರಿನ ಮುಂದೆ ಅಚ್ಚಾಗಿಬಿಟ್ಟಿದ್ದವು. ಅದು ತಪ್ಪು, ಹಿಂದೆ ಇರಬೇಕು, ತಿದ್ದಿಕೊಳ್ಳಿ ಎಂದು ಧ್ವನಿವರ್ಧಕದಲ್ಲಿ ಇಡೀ ಮೈದಾನಕ್ಕೆ ಹೇಳಿದರು! ಆ ಹುಡುಗ ಪ್ರೊಫೆಷನಲ್ ಆಗಿದ್ದ, ಅಷ್ಟೇ ಕಾರಣ. ಈ ಭೇದ ಕಾಗದದ ಮೇಲೆ ಹೋಗಿದ್ದು 1962ರ ಕೊನೆಯಲ್ಲಿ. ವಾರ್ವಿಕ್‌ಶೈರ್ ಮೊದಲ ಬಾರಿ ಕೌಂಟಿ ಚಾಂಪಿಯನ್ ಆದದ್ದು 1911ರಲ್ಲಿ, ಫೋಸ್ಟರ್ ನಾಯಕತ್ವದಲ್ಲಿ. ಎರಡನೇ ಸಲ ಆಗಲು 1951ರವರೆಗೆ ಕಾಯಬೇಕಾಯಿತು. ಆಗ ನಾಯಕನಾಗಿದ್ದ ಟಾಮ್ ಡಾಲರಿ ಪ್ರೊಫೆಷನಲ್. ಪರ್ಸಿಯ ಕ್ಲಬ್ಬಿನಲ್ಲೇ ಹೀಗಾಯಿತಲ್ಲ ಎಂದು ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಬೇರೆ ಗೇಟು, ಬೇರೆ ಪಂಕ್ತಿ ಎಂದರೆ ಏನು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಪುಣೆಯಲ್ಲಿ ಹಿಂದೂ ತಂಡಕ್ಕೆ ಬೌಲಿಂಗ್ ಮಾಡಿ ಗೆಲ್ಲಿಸುತ್ತಿದ್ದಾಗ, ಚಹಾ ವಿರಾಮದಲ್ಲಿ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು. ಜಾತಿಯ ಕಾರಣಕ್ಕೆ. ಅದೇ ಬಾಳೂ 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ, ಕೌಂಟಿ ತಂಡಗಳ ಎದುರು ಆಡಿ, ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಪರ್ಸಿ ಬರ್ಮಿಂಗ್‌ಹ್ಯಾಮಿನಲ್ಲಿ ಅರ್ಹತೆಗಾಗಿ ಕಾಯುತ್ತಿದ್ದ ಬೇಸಿಗೆ ಅದು. ಎರಡು ನೋವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬಾಳೂ ಅನುಭವಿಸಿದ್ದು ಬಹಳ ದೊಡ್ಡದು. ಆದರೆ ಇಬ್ಬರ ವಿಕೆಟ್‌ಗಳನ್ನೂ ಬೇಕು ಅಂದವರು, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂದೆಗೆದರು. ಆದ್ದರಿಂದಲೇ ಒಬ್ಬ ಬೌಲರ್‌ನನ್ನು "ಯಾರೋ ಸಣ್ಣ ಆಟಗಾರ" ಎಂದು ಕನ್ನಡದ ವೇದಿಕೆಯಲ್ಲಿ ಕರೆದಾಗ ನನಗೆ ಜಾಸ್ತಿ ನೋವಾಯಿತು.

1914ರ ಜುಲೈಗೆ ಬರೋಣ. ಓವಲ್ ಮೈದಾನದಲ್ಲಿ ಜೆಂಟಲ್‌ಮನ್ ಮತ್ತು ಪ್ಲೇಯರ್ಸ್ ಪಂದ್ಯ. ಜೆಂಟಲ್‌ಮನ್ ಅಂದರೆ ಅಮೆಚೂರ್‌ಗಳ ತಂಡ, ಪ್ಲೇಯರ್ಸ್ ಅಂದರೆ ಪ್ರೊಫೆಷನಲ್‌ಗಳದ್ದು. ಟೆಸ್ಟ್ ಇಲ್ಲದ ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ಗೌರವ ಪ್ರೊಫೆಷನಲ್‌ಗೆ ಇರಲಿಲ್ಲ. ಪರ್ಸಿ ಆಯ್ಕೆಯಾದ. ಎರಡನೇ ಇನಿಂಗ್ಸ್‌ನಲ್ಲಿ 15 ಓವರ್, 44 ರನ್, 4 ವಿಕೆಟ್. ಪ್ಲೇಯರ್ಸ್ ಗೆದ್ದರು. ಇಂಗ್ಲೆಂಡಿನ ನಾಯಕರಾಗಿದ್ದ ಪೆಲ್ಹಮ್ ವಾರ್ನರ್ ಅವನ ಬೌಲಿಂಗ್ ನೋಡಿ, ಇವನು ಬೇಗನೆ ಇಂಗ್ಲೆಂಡಿಗೆ ಆಡುತ್ತಾನೆ ಎಂದರು.

ಒಂದು ತಿಂಗಳೊಳಗೆ, ಆಗಸ್ಟ್ 4ರಂದು, ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿಯಿತು.

ಕೌಂಟಿ ಪಂದ್ಯಗಳು ಇನ್ನೂ ಕೆಲವು ವಾರ ನಡೆದವು. ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಹಿರಿಯ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಪತ್ರಿಕೆಗೆ ಒಂದು ಪತ್ರ ಬರೆದರು. ಸೀಸನ್ ನಿಲ್ಲಿಸಿ, ಮೈಕಟ್ಟು ಇರುವ ಕ್ರಿಕೆಟಿಗರೆಲ್ಲ ದೇಶದ ಕರೆಗೆ ಓಗೊಡಲಿ ಎಂದರು. ಪರ್ಸಿ ಆ ವರ್ಷ 90 ವಿಕೆಟ್ ತೆಗೆದಿದ್ದ. ನನ್ನ ಪುಸ್ತಕದ ಲೆಕ್ಕದಲ್ಲಿ ಹೇಳುತ್ತೇನೆ. 1913ರ 106, 1914ರ 90, ಅದಕ್ಕೂ ಹಿಂದಿನ 3. ಒಟ್ಟು 199. ಇನ್ನೊಂದು ಬಿದ್ದಿದ್ದರೆ ಇನ್ನೂರು. ನೂರಾರು ಬೌಲರ್‌ಗಳ ಲೆಕ್ಕ ಬರೆದವನು ನಾನು. 99ಕ್ಕೆ, 199ಕ್ಕೆ ನಿಂತ ಬೌಲರ್ ಸಂಜೆ ಬಂದು ಪುಸ್ತಕದಲ್ಲಿ ಇಣುಕಿ ನೋಡುವುದು ನನಗೆ ಗೊತ್ತು. "ಮುಂದಿನ ಪಂದ್ಯದಲ್ಲಿ ಆಗುತ್ತೆ ಬಿಡಪ್ಪ" ಎಂದು ಹೇಳಿ ಕಳಿಸುತ್ತೇನೆ. ಪರ್ಸಿಗೆ ಮುಂದಿನ ಪಂದ್ಯವೇ ಬರಲಿಲ್ಲ.

ಅವನು ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್ ಸೇರಿದ. ಬರ್ಮಿಂಗ್‌ಹ್ಯಾಮಿನ ಗೆಳೆಯರು, ಸಹೋದ್ಯೋಗಿಗಳು ಒಟ್ಟಿಗೆ ಸೇರಿ ಹೋಗಲಿ ಎಂದು ಕಟ್ಟಿದ ಮೂರು ಬೆಟಾಲಿಯನ್‌ಗಳಲ್ಲಿ ಅದು ಎರಡನೆಯದು. ಒಟ್ಟಿಗೆ ಸೇರಿದವರು ಒಟ್ಟಿಗೇ ಸತ್ತರು ಎಂಬುದು ಇಂಥ ಬೆಟಾಲಿಯನ್‌ಗಳ ಕಥೆ. ಒಂದೇ ಬೀದಿಯ ಹತ್ತಾರು ಮನೆಗೆ ಒಂದೇ ವಾರದಲ್ಲಿ ಸಾವಿನ ಸುದ್ದಿ.

1915ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ವುಡ್‌ಹೌಸ್ ಅವರ ಕಥೆಯೊಂದು ಬಂತು. ಅದರಲ್ಲಿ ಜೀವ್ಸ್ ಎಂಬ ಸೇವಕ ಮೊದಲ ಸಲ ಕಾಣಿಸಿಕೊಂಡ. ಒಂದೆರಡು ಮಾತು ಆಡಿ ಹೋಗುತ್ತಾನೆ, ಅಷ್ಟೆ. ಆ ಪತ್ರಿಕೆ ಅಂಗಡಿಗೆ ಬಂದ ದಿನ ನಿಜವಾದ ಜೀವ್ಸ್ ಬದುಕಿದ್ದ. ಸೈನಿಕನ ಬಟ್ಟೆಯಲ್ಲಿದ್ದ. ನವೆಂಬರ್‌ನಲ್ಲಿ ಅವನ ಬೆಟಾಲಿಯನ್ ಫ್ರಾನ್ಸಿಗೆ ಹೋಯಿತು.

ಸೋಮ್ ನದಿಯ ಕದನ ಶುರುವಾದದ್ದು 1916ರ ಜುಲೈ 1ರಂದು. ಆ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಜನ ಸತ್ತರು. ಮೂರು ವಾರದ ನಂತರ ಪರ್ಸಿಯ ಬೆಟಾಲಿಯನ್ ಸರದಿ. ಹೈ ವುಡ್ ಎಂಬ ಒಂದು ಕಾಡಿನ ತುಂಡು, ಸುತ್ತಲಿನ ಜಾಗಕ್ಕಿಂತ ಸ್ವಲ್ಪ ಎತ್ತರ. ಅದಕ್ಕಾಗಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಎರಡು ತಿಂಗಳು, ಸಾವಿರಾರು ಜನ ಸತ್ತರು. ಜುಲೈ 22ರಂದು ಅಲ್ಲಿನ ದಾಳಿಯಲ್ಲಿ ಪ್ರೈವೇಟ್ ದರ್ಜೆಯ ಸಾಮಾನ್ಯ ಸೈನಿಕ ಪರ್ಸಿ ಜೀವ್ಸ್ ಸತ್ತ. ದೇಹ ಸಿಗಲಿಲ್ಲ. ಸಮಾಧಿಯಿಲ್ಲ.

ಅವನ ಹೆಸರು ಇರುವುದು ಫ್ರಾನ್ಸಿನ ತಿಯಪ್ವಾಲ್ ಸ್ಮಾರಕದಲ್ಲಿ. ಸೋಮ್ ರಣಭೂಮಿಯಲ್ಲಿ ದೇಹ ಸಿಗದ 72,000ಕ್ಕೂ ಹೆಚ್ಚು ಜನರ ಹೆಸರು ಅದರ ಕಂಬಗಳ ಮೇಲೆ ಕೆತ್ತಿದೆ. ಅದರ ವಿನ್ಯಾಸ ಮಾಡಿದವರು ಎಡ್ವಿನ್ ಲುಟ್ಯೆನ್ಸ್, ದೆಹಲಿಯ ಇಂಡಿಯಾ ಗೇಟ್ ವಿನ್ಯಾಸ ಮಾಡಿದವರೇ. ಇಂಡಿಯಾ ಗೇಟ್ ಗೋಡೆಯ ಮೇಲಿನ ಸಾಲು ಸಾಲು ಹೆಸರುಗಳನ್ನು ನೋಡಿದವರಿಗೆ ತಿಯಪ್ವಾಲ್ ಹೇಗಿರಬಹುದು ಎಂಬ ಅಂದಾಜು ಸಿಗುತ್ತದೆ. ಆ ಕಲ್ಲಿನ ಮೇಲಿನ ಬರವಣಿಗೆಯ ಕ್ರಮ ಗಮನಿಸಿ. ಮನೆತನದ ಹೆಸರು ಮೊದಲು, ಇನಿಷಿಯಲ್ ಆಮೇಲೆ. ಜೀವ್ಸ್ ಪಿ. ಸ್ಕೋರ್‌ಕಾರ್ಡಿನಲ್ಲಿ ಕೂಲಿಯ ಆಟಗಾರನಿಗೆ ಮಾಡುತ್ತಿದ್ದ ಹಾಗೆಯೇ. ಆದರೆ ಅಲ್ಲಿ ಎಲ್ಲರಿಗೂ ಹಾಗೆಯೇ. ದರ್ಜೆಯ ಪ್ರಕಾರ ಗುಂಪು ಮಾಡಿದ್ದಾರೆ ನಿಜ, ಆದರೆ ಅಧಿಕಾರಿಯ ಹೆಸರಾಗಲಿ ಸಾಮಾನ್ಯ ಸೈನಿಕನ ಹೆಸರಾಗಲಿ ಬರೆದಿರುವುದು ಒಂದೇ ರೀತಿ. ಇನಿಷಿಯಲ್ ಮುಂದೆ ಬಂದ ಒಂದು ಹೆಸರೂ ಆ ಗೋಡೆಯಲ್ಲಿಲ್ಲ. ಈ ಸಂಗತಿ ತಲೆಗೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯುದ್ಧದಿಂದ ನಿಂತುಹೋದ ಮೇಲೆ ಇಂಗ್ಲೆಂಡ್ ಮತ್ತೆ ಟೆಸ್ಟ್ ಆಡಿದ್ದು 1920ರ ಡಿಸೆಂಬರ್‌ನಲ್ಲಿ, ಸಿಡ್ನಿಯಲ್ಲಿ. ಪರ್ಸಿ ಸತ್ತು ಆಗಲೇ ನಾಲ್ಕು ವರ್ಷ ದಾಟಿತ್ತು.

ಇನ್ನು ಚೆಲ್ಟನ್‌ಹ್ಯಾಮಿನ ಕಥೆ. ಪರ್ಸಿಯನ್ನು ಹುಡುಕಿ ತಂದ ರೈಡರ್ ಅವರ ಮಗ ರೋಲಂಡ್ ರೈಡರ್, 1967ರಲ್ಲಿ ವುಡ್‌ಹೌಸ್ ಅವರಿಗೆ ಪತ್ರ ಬರೆದು, ನಿಮ್ಮ ಜೀವ್ಸ್ ಹೆಸರು ನಮ್ಮ ಬೌಲರ್‌ನಿಂದ ಬಂದದ್ದೇ ಎಂದು ಕೇಳಿದರು. ವುಡ್‌ಹೌಸ್ ಆಗ 80 ದಾಟಿದ್ದರು. ಹೌದು, ಚೆಲ್ಟನ್‌ಹ್ಯಾಮಿನಲ್ಲಿ ಅವನು ಬೌಲಿಂಗ್ ಮಾಡಿದ್ದನ್ನು ನೋಡಿದ್ದೆ, ಅವನ ಆಕ್ಷನ್ ನನಗೆ ತುಂಬಾ ಹಿಡಿಸಿತ್ತು, ಆಮೇಲೆ ನ್ಯೂಯಾರ್ಕಿನಲ್ಲಿ ಕಥೆ ಬರೆಯುವಾಗ ಆ ಹೆಸರು ನೆನಪಾಯಿತು ಎಂಬರ್ಥದ ಉತ್ತರ ಬಂತು. ಅವನು ಗ್ಲಾಸ್ಟರ್‌ಶೈರಿಗೆ ಆಡುತ್ತಿದ್ದ ಎಂದೇ ಇತ್ತೀಚಿನವರೆಗೂ ತಾವು ಅಂದುಕೊಂಡಿದ್ದಾಗಿಯೂ ಅವರು ಒಪ್ಪಿಕೊಂಡರು. ಆ ಪುರವಣಿಯ ಬರಹಗಾರರೇ, ನಿಮ್ಮ ತಪ್ಪು ಇಲ್ಲಿಂದಲೇ ಬಂದಿರಬಹುದು. ವುಡ್‌ಹೌಸ್ ತಿದ್ದಿಕೊಂಡು ಐವತ್ತು ವರ್ಷಕ್ಕೂ ಜಾಸ್ತಿ ಆಯಿತು. ನೀವೂ ತಿದ್ದಿಕೊಳ್ಳಿ.

ಇಲ್ಲಿ ನನ್ನ ದೂರು ವುಡ್‌ಹೌಸ್ ಮೇಲಲ್ಲ. ಆ ದಿನ ಮೈದಾನದಲ್ಲಿದ್ದ ಎಷ್ಟೋ ಜನರಲ್ಲಿ ಒಬ್ಬರು ಆ ಬೌಲರ್‌ನ ಹೆಸರನ್ನು ಎದೆಯಲ್ಲಿಟ್ಟುಕೊಂಡು ಹೋದರು. ಅವರಿಗೆ ಹಿಡಿಸಿದ್ದು ಬೌಲಿಂಗ್. ಹೆಸರು ಅದರ ಹಿಂದೆ ಬಂತು. ನೀವು ಹೆಸರನ್ನು ಇಟ್ಟುಕೊಂಡು ಬೌಲಿಂಗನ್ನು ಬಿಟ್ಟಿದ್ದೀರಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ಸಣ್ಣ ಆಟಗಾರ ಎಂಬ ಮಾತಿಗೆ ನನ್ನ ಆಕ್ಷೇಪ ಇದೆ. ಟೆಸ್ಟ್ ಆಡದವರೆಲ್ಲ ಸಣ್ಣವರು ಎಂದಾದರೆ, ನಾನು ಇಪ್ಪತ್ತಾರು ವರ್ಷ ಬರೆದ ಪುಸ್ತಕಗಳಲ್ಲಿ ಇರುವವರೆಲ್ಲ ಸಣ್ಣವರೇ. ನಮ್ಮ ರಣಜಿ ತಂಡಕ್ಕೆ ಹತ್ತು ವರ್ಷ ಬೆನ್ನು ಬಗ್ಗಿಸಿ ದುಡಿದು, ಒಂದೇ ಒಂದು ಕರೆ ಬರದೆ ಮನೆಗೆ ಹೋದವರೂ ಸಣ್ಣವರೇ. ಪಂದ್ಯಕ್ಕೆ ಹತ್ತಿರ ಹತ್ತಿರ ನಾಲ್ಕು ವಿಕೆಟ್ ತೆಗೆದವನನ್ನು, 28ಕ್ಕೆ ಸತ್ತವನನ್ನು ಸಣ್ಣವನು ಎಂದು ಅಳೆಯುವ ಕೋಲು ಯಾವುದು?

ಅವನೊಬ್ಬನೇ ಅಲ್ಲ. ಆ ಯುದ್ಧದಲ್ಲಿ ಪ್ರಥಮ ದರ್ಜೆ ಕ್ರಿಕೆಟ್ ಆಡಿದ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಯಾರ್ಕ್‌ಶೈರಿನ ಮೇಜರ್ ಬೂತ್ ಒಬ್ಬರು. ಮೇಜರ್ ಎಂಬುದು ಅವರ ಹುದ್ದೆಯಲ್ಲ, ಹೆತ್ತವರು ಇಟ್ಟ ಹೆಸರು. ಸೇನೆಯಲ್ಲಿ ಅವರು ಸೆಕೆಂಡ್ ಲೆಫ್ಟಿನೆಂಟ್. ಇಂಗ್ಲೆಂಡಿಗೆ ಎರಡು ಟೆಸ್ಟ್ ಆಡಿದವರು, ಸೋಮ್ ಕದನದ ಮೊದಲ ದಿನವೇ ಹೋದರು. ಬಾಂಬ್ ಬಿದ್ದು ಆದ ಗುಂಡಿಯೊಂದರಲ್ಲಿ ಅವರ ಕೊನೆಯ ಗಳಿಗೆಯಲ್ಲಿ ಹಿಡಿದುಕೊಂಡಿದ್ದ ಏಬ್ ವಾಡಿಂಗ್ಟನ್ ಎಂಬ ಹುಡುಗ ಯುದ್ಧ ಮುಗಿದ ಮೇಲೆ ಯಾರ್ಕ್‌ಶೈರಿಗೆ, ಇಂಗ್ಲೆಂಡಿಗೆ ಬೌಲಿಂಗ್ ಮಾಡಿದ. ಕೆಂಟ್ ಕೌಂಟಿಯ ಕಾಲಿನ್ ಬ್ಲೈತ್ 1917ರ ನವೆಂಬರ್‌ನಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್ ಹತ್ತಿರ ಸತ್ತರು. ಒಬ್ಬೊಬ್ಬರದೂ ಒಂದು ಪತ್ರಕ್ಕಾಗುವಷ್ಟಿದೆ.

ನನ್ನ ಬೇಡಿಕೆಗಳನ್ನು ಹೇಳಿಬಿಡುತ್ತೇನೆ.

ಕ್ವಿಜ್ ಮಾಸ್ಟರ್‌ಗಳೇ, ಈ ಪ್ರಶ್ನೆ ಕೈಬಿಡಿ ಎಂದು ನಾನು ಕೇಳುತ್ತಿಲ್ಲ. ಕೇಳಿ, ಖಂಡಿತ ಕೇಳಿ. ಆದರೆ ಉತ್ತರ ಬಂದ ಮೇಲೆ ಅರ್ಧ ನಿಮಿಷ ನಿಲ್ಲಿ. ತಂಡದ ಹೆಸರು ಹೇಳಿ, 199 ಹೇಳಿ, ಹೈ ವುಡ್ ಹೇಳಿ. ಕಪ್ಪು ಕೋಟಿನ ಚಿತ್ರದ ಪಕ್ಕದಲ್ಲಿ ಆ ಬೌಲರ್‌ನ ಫೋಟೋವನ್ನೂ ಹಾಕಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಕೇಳಿದರೆ, ದಯವಿಟ್ಟು ಅವರನ್ನು ಕೂರಿಸಬೇಡಿ. ಗೊತ್ತಿಲ್ಲದಿದ್ದರೆ ನೋಡಿ ಹೇಳುತ್ತೇನೆ ಎನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ.

ಕ್ರೀಡಾ ಬರಹಗಾರರೇ, ಭಾರತ ತಂಡ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ ಟೆಸ್ಟ್ ಆಡುವಾಗ ನೀವು ಪಿಚ್ ಬಗ್ಗೆ, ಹವಾಮಾನದ ಬಗ್ಗೆ, ಹಳೆಯ ದಾಖಲೆಗಳ ಬಗ್ಗೆ ಬರೆಯುತ್ತೀರಿ. ಆ ನೆಲ ಪರ್ಸಿ ಬಾಲ್ ಹಾಕಿದ ನೆಲ. ಒಂದು ಪ್ಯಾರಾ ಅವನಿಗೆ ಕೊಡಿ. ಜುಲೈ 22 ಪ್ರತಿ ವರ್ಷ ಬರುತ್ತದೆ, ಆ ದಿನ ಎಂಟು ಸಾಲು ಬರೆದರೆ ಸಾಕು. ಸೇವಕನ ಸಂಗತಿಯನ್ನು ಕೊನೆಯ ಸಾಲಿಗೆ ಇಡಿ. ಮೊದಲ ಸಾಲಿನಲ್ಲಿ ಬೌಲಿಂಗ್ ಇರಲಿ.

ಆ ಕಾಲೇಜಿನ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳು ಸರಿಯಾದ ಪ್ರಶ್ನೆ ಕೇಳಿದ್ದಳು. ನಿಮ್ಮ ಮುಂದಿನ ಕ್ವಿಜ್‌ಗೆ ನಾನೂ ಒಂದು ಪ್ರಶ್ನೆ ಬರೆದು ಕೊಡುತ್ತಿದ್ದೇನೆ. ಬೇಕಾದರೆ ಹಾಗೇ ಬಳಸಿಕೊಳ್ಳಿ:

ಯಾರ್ಕ್‌ಶೈರ್ ಬೇಡ ಎಂದ ಈ ಬಲಗೈ ಬೌಲರ್, ವಾರ್ವಿಕ್‌ಶೈರ್ ಪರ 1913ರ ಸೀಸನ್‌ನಲ್ಲಿ 106 ವಿಕೆಟ್ ತೆಗೆದ. 1914ರ ಜುಲೈನಲ್ಲಿ ಓವಲ್‌ನಲ್ಲಿ ಪ್ಲೇಯರ್ಸ್ ತಂಡವನ್ನು ಗೆಲ್ಲಿಸಿದವರಲ್ಲಿ ಒಬ್ಬ. ಅವನ ಲೆಕ್ಕ 199 ವಿಕೆಟ್‌ಗೆ ನಿಂತಿದೆ. ಯಾರು ಇವನು?

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸ್ಕೋರರ್